ರೊಟ್ಟಿ ಬಡಿಯುವ ಸಪ್ಪಳಕ್ಕೆ ಬರುವ ಕುನ್ನಿ

ನಮ್ಮ ತೋಟದ ಮನೆ ನಾಗನೂರಿನಾಚೆ, ಮೂಡಲಗಿಗೆ ಹೋಗುವ ರಸ್ತೆಯ ಮಗ್ಗುಲಲ್ಲೇ ಇದೆ. ಗೇಟು ತೆರೆದರೆ ಡಾಂಬರು. ಕಬ್ಬು ಕಡಿಯುವ ದಿನಗಳಲ್ಲಿ ಎರಡೆರಡು ಟ್ರೇಲರ್ ಎಳೆದುಕೊಂಡು ಟ್ರ್ಯಾಕ್ಟರುಗಳು ಓಡುತ್ತಲೇ ಇರುತ್ತವೆ. ಅಂಥ ಮನೆಗೆ ನಾನು ತವರಾದ ಬೆಲ್ಲದ ಬಾಗೇವಾಡಿಯಿಂದ ಒಂದು ಕಂದು ನಾಯಿಮರಿ ತಂದೆ. ಎಲ್ಲರೂ ಕುನ್ನಿ ಎಂದೇ ಕರೆದರು. ಕರೆದಾಗ ಬರುವುದನ್ನು ಕಲಿಯದಿದ್ದರೆ ಇದು ಈ ರಸ್ತೆಯಲ್ಲಿ ಬಹಳ ದಿನ ಉಳಿಯುವುದಿಲ್ಲ ಎಂಬುದು ನನಗೆ ಆಗಲೇ ಗೊತ್ತಿತ್ತು.

ಆದರೆ ಅದು ಬರುತ್ತಿರಲಿಲ್ಲ. "ಕುನ್ನಿ, ಬಾ" ಎಂದರೆ ಕೈಗೆ ಸಿಗದಷ್ಟು ದೂರಕ್ಕೆ ಬಂದು ನಿಂತು ನಮ್ಮ ಕೈಗಳನ್ನೇ ನೋಡುತ್ತಿತ್ತು. ಯಾಕೆಂದು ನಾನು ಗಮನಿಸಿದೆ. ಬೀಗರು ಬಂದಾಗ ಕಟ್ಟಿಹಾಕಲು, ಉಣ್ಣೆ ಹುಳ ಹತ್ತಿದಾಗ ಮೈ ತೊಳೆಯಲು, ಆಡಿನ ಹಿಂದೆ ಓಡಿದ್ದಕ್ಕೆ ಬೈಯಲು ನಾವೆಲ್ಲ ಅದೇ "ಬಾ" ಎನ್ನುತ್ತಿದ್ದೆವು. ಆ ಮಾತು ಕೇಳಿದರೆ ಅದಕ್ಕೆ ಸರಪಳಿಯೇ ನೆನಪಾಗುತ್ತಿತ್ತು.

ಅದು ಎಲ್ಲಿದ್ದರೂ ಓಡಿ ಬರುತ್ತಿದ್ದುದು ಅತ್ತೆ ಜೋಳದ ರೊಟ್ಟಿ ಬಡಿಯುವ ಸಪ್ಪಳಕ್ಕೆ. ಮೊದಲ ರೊಟ್ಟಿಯ ಅಂಚು ಅದರ ಪಾಲು. ಒಂದು ಬೆಳಿಗ್ಗೆ ಹಿತ್ತಲಲ್ಲಿ ನಿಂತು ಬರಿ ಅಂಗೈಗಳನ್ನು ಹಾಗೆಯೇ ಬಡಿದೆ. ಒಂದು ಜೋರು, ಎರಡು ಹಗುರ. ಕುನ್ನಿ ಕಬ್ಬಿನೊಳಗಿಂದ ಕಿವಿ ಹಿಂದಕ್ಕೆ ಮಾಡಿಕೊಂಡು ಬಂತು. ಹಾಲಿನಲ್ಲಿ ನೆನೆಸಿದ ತುಣುಕು ಕೊಟ್ಟು, ಹೋಗೆಂದು ಬಿಟ್ಟುಬಿಟ್ಟೆ.

ಮುಂದೆ ದಿನವೂ ಇದೇ ಕೆಲಸ. ಹಿತ್ತಲು ಆದ ಮೇಲೆ ದನದ ಕೊಟ್ಟಿಗೆ, ಆಮೇಲೆ ಬದು, ಕೊನೆಗೆ ಆಡುಗಳ ಹಿಂಡು ಹಾಯುವಾಗ, ಉದ್ದ ಹಗ್ಗ ಕಟ್ಟಿ. ಕಟ್ಟಿಹಾಕಬೇಕಾದಾಗ ನಾನೇ ಅದರ ಹತ್ತಿರ ಹೋಗುತ್ತಿದ್ದೆ, ಬಡಿಯುತ್ತಿರಲಿಲ್ಲ. ಮನೆಯಲ್ಲಿ ಯಾರೂ ಸುಮ್ಮನೆ ಚಪ್ಪಾಳೆ ಹೊಡೆಯಬಾರದೆಂದೂ ಹೇಳಿದ್ದೆ.

"ಸಾಲಿ ಚಲೋ ನಡಸೀದಿ. ನನ್ನೂ ಹಂಗ ಬಡದ್ ಕರಿ, ಬರ್ತೇನಿ," ಎಂದು ಯಜಮಾನರು ನಕ್ಕರು.

"ನಿನ್ನ ಯಾರ ಕರೀಬೇಕೋ? ರೊಟ್ಟಿ ವಾಸನಿ ಬಂದ್ರ ಸಾಕು, ಓಡಿ ಬರ್ತಿ," ಎಂದರು ಅತ್ತೆ ಒಳಗಿನಿಂದ.

ಈ ಸಲದ ಕಬ್ಬಿನ ಹಂಗಾಮಿನಲ್ಲಿ ಒಂದು ಸಂಜೆ ನಡೆದದ್ದನ್ನು ನೋಡಿದ ಹಾಗೆಯೇ ಬರೆಯುತ್ತೇನೆ. ಗೇಟು ತೆರೆದಿತ್ತು. ಮುಂಗುಸಿಯ ಹಿಂದೆ ಓಡಿದ ಕುನ್ನಿ ರಸ್ತೆ ದಾಟಿ ಆಚೆ ಬದಿಯಲ್ಲಿ ನಿಂತಿತ್ತು. ನಾನೂ ಯಜಮಾನರೂ ಗೇಟಿನಲ್ಲಿದ್ದೆವು. ಮೂಡಲಗಿ ಕಡೆಯಿಂದ ಹಾಡು ಹಚ್ಚಿಕೊಂಡು ಕಬ್ಬಿನ ಟ್ರ್ಯಾಕ್ಟರ್ ಬರುತ್ತಿತ್ತು. ಯಜಮಾನರು ಎರಡೂ ಅಂಗೈ ಎತ್ತಿದರು.

"ಬಡೀಬ್ಯಾಡ್ರಿ!" ಎಂದು ಅವರ ಮಣಿಕಟ್ಟು ಹಿಡಿದೆ.

"ಏ, ಗಾಡಿ ಬರಾಕತ್ತೈತಿ!"

"ಅದಕ್ಕ ಬ್ಯಾಡ ಅಂದೆ. ಬಡದ್ರ ಬಂದಬಿಡತೈತಿ."

ಬರುವುದು ಖಂಡಿತವಿತ್ತು. ಅಡ್ಡ ಏನಿದೆಯೆಂದು ನೋಡದೆ ಬರುವಂತೆ ಕಲಿಸಿದವಳು ನಾನೇ. ಕುನ್ನಿ ಒಂದು ಮುಂಗಾಲು ಡಾಂಬರಿನ ಮೇಲಿಟ್ಟು ನಮ್ಮನ್ನು ನೋಡುತ್ತಿತ್ತು. ನಾನು ಅವರ ಕೈ ಬಿಟ್ಟು, ನನ್ನ ಕೈಗಳನ್ನು ಸೆರಗಿನೊಳಗೆ ಹಾಕಿಕೊಂಡು ಅಲುಗದೆ ನಿಂತೆ. ಅವರೂ ಕೈ ಕಟ್ಟಿಕೊಂಡರು. ಕುನ್ನಿಯ ಕಾಲು ಹಿಂದಕ್ಕೆ ಹೋಯಿತು. ಅಷ್ಟರಲ್ಲಿ ಟ್ರ್ಯಾಕ್ಟರ್ ಅಡ್ಡ ಬಂತು. ಮೊದಲ ಟ್ರೇಲರ್ ಹಾಯಿತು. ಎರಡನೆಯದು ಓಲಾಡುತ್ತ, ಹೊರಚಾಚಿದ ಕಬ್ಬಿನ ತುದಿಗಳನ್ನು ಬೀಸುತ್ತ ಹಾಯಿತು. ಅದಾದ ಮೇಲೆ ಬರೀ ಧೂಳು.

ಧೂಳು ಇಳಿದಾಗ ಕುನ್ನಿ ಅಲ್ಲೇ ಇತ್ತು. ರಸ್ತೆಯ ಎರಡೂ ಕಡೆ ನೋಡಿದೆ, ಖಾಲಿ. ಈಗ ಬಡಿದೆ. ಆದರೆ ಅವಸರದಲ್ಲಿ ತಾಳ ತಪ್ಪಿತು. ಜೋರು ಯಾವುದು, ಹಗುರ ಯಾವುದು ಎಂದೇ ತಿಳಿಯದ ಸಪ್ಪಳ ಬಂತು. ಕುನ್ನಿ ತಲೆ ಓರೆ ಮಾಡಿತು. ಹಿಂದಿನಿಂದ ಹಿಟ್ಟಿನ ಕೈಯಲ್ಲೇ ಬಂದ ಅತ್ತೆ ಒಮ್ಮೆ ಜೋರಾಗಿ, ಎರಡು ಸಲ ಹಗುರವಾಗಿ ಬಡಿದರು. ಹಿಟ್ಟು ಹಾರಿತು. ಕುನ್ನಿ ನೆಟ್ಟಗೆ ದಾಟಿ ಬಂದು ಅವರ ಕಾಲಿಗೆ ಬಿತ್ತು. ಯಜಮಾನರು ಗೇಟು ಹಾಕಿದರು.

"ನೀ ಬಡದ ರೊಟ್ಟಿ ಹರೀತಾವಂತ ನಾಯಿಗೂ ಗೊತ್ತಾಗೇತಿ, ಯವ್ವಾ," ಎಂದರು ಅತ್ತೆ. ನಾನು ಅಲ್ಲೇ ಕುಳಿತು ಕುನ್ನಿಯ ಮೈ ಸವರಿದೆ.

ಅತ್ತೆ ಇಡೀ ರೊಟ್ಟಿಯನ್ನೇ ತಂದು ನನ್ನ ಕೈಗೆ ಕೊಟ್ಟರು. ಅರ್ಧ ಮುರಿದು ಕುನ್ನಿಗೆ ಹಾಕಿದೆ. ಅಂದು ಅದನ್ನು ಕಟ್ಟಲಿಲ್ಲ. ಆಮೇಲೆ ಉಳಿದರ್ಧ ಹಿಡಿದು ಅಂಗಳದ ಈ ತುದಿಯಲ್ಲಿ ನಿಂತೆ. ಅದು ಆ ತುದಿಯಲ್ಲಿ ಏನನ್ನೋ ಮೂಸುತ್ತಿತ್ತು. ರೊಟ್ಟಿಯನ್ನು ಕಂಕುಳಲ್ಲಿ ಇರುಕಿಕೊಂಡು ಬಡಿದೆ. ಒಂದು ಜೋರು, ಎರಡು ಹಗುರ. ಅದು ಮೂಸುವುದನ್ನು ಬಿಟ್ಟು ಬಂತು.