ಆದೇಶದಂತೆ ಎಂದು ಬರೆದ ವರದಿ

೨೦೨೨ರಲ್ಲಿ ನನಗೆ ನಲವತ್ತೆಂಟು ವರ್ಷ. ಆ ವಯಸ್ಸಿನಲ್ಲಿ ವಿದ್ಯಾರ್ಥಿಯಾದವನ ಪಾಡು ನಿಮಗೆ ತಿಳಿಯಬೇಕಾದರೆ, ಇನ್ನೂ ಗೋಂದಿನ ವಾಸನೆ ಬಿಡದೆ ನನ್ನ ಮೇಜಿನ ಮೇಲಿರುವ ಈ ಪ್ರಬಂಧವನ್ನು ಒಮ್ಮೆ ತೆರೆದು ನೋಡಬೇಕು. ಅಗ್ನಿಶಾಮಕ ಠಾಣೆಯೊಂದರ ಅಧಿಕಾರಿಯಾದ ನಾನು ತುರ್ತು ಸೇವೆಗಳ ನಾಯಕತ್ವವನ್ನು ಕುರಿತ ಸ್ನಾತಕೋತ್ತರ ಪದವಿಗೆ ಸೇರಿದೆ. ಭಾನುವಾರಗಳಂದು ಚಾಮರಾಜಪೇಟೆಯ ಮನೆಯಲ್ಲಿ ಮಗಳ ಮೇಜನ್ನು ಆಕ್ರಮಿಸಿ ಓದುತ್ತಿದ್ದೆ.

"ಅಪ್ಪಾ, ಅಂಡರ್‌ಲೈನ್ ಮಾಡೋಕೂ ಸ್ಕೇಲ್ ಇಟ್ಕೋತಾರಾ?" ಎಂದು ಅವಳು ನಗುತ್ತಿದ್ದಳು. ಸ್ಕೇಲಿಲ್ಲದೆ ಗೆರೆ ಎಳೆಯುವುದು ಹೇಗೆಂದು ನನಗೆ ಇಂದಿಗೂ ತಿಳಿಯದು.

ಎರಡನೆಯ ವರ್ಷದಲ್ಲಿ, ನಾನೇ ನೇತೃತ್ವ ವಹಿಸಿದ್ದ ಒಂದು ಘಟನೆಯನ್ನು ಕುರಿತು ಪ್ರಬಂಧ ಬರೆಯಬೇಕಿತ್ತು. ನಗರ್ತಪೇಟೆಯ ಬಟ್ಟೆ ಗೋದಾಮಿಗೆ ಹಿಂದೊಮ್ಮೆ ಬಿದ್ದಿದ್ದ ಬೆಂಕಿ ನೆನಪಾಯಿತು. ಕಡತದಲ್ಲಿ ನನ್ನದೇ ವರದಿ: "ಠಾಣಾಧಿಕಾರಿಯ ಆದೇಶದಂತೆ ವಾಹನವನ್ನು ಮುಖ್ಯರಸ್ತೆಯಲ್ಲಿಯೇ ನಿಲ್ಲಿಸಿ, ಕೊಳವೆಗಳನ್ನು ಕೈಯಲ್ಲಿ ಒಯ್ದು..." ಒಂದು ಅಲ್ಪವಿರಾಮವೂ ತಪ್ಪಿರಲಿಲ್ಲ. ಆದರೆ ಅಂದು ನಾನು ಹೇಳಿದ್ದು, ಕೈಪಿಡಿಯಲ್ಲಿರುವಂತೆ, ವಾಹನವನ್ನು ಬೆಂಕಿಯ ಸಮೀಪಕ್ಕೆ ಒಯ್ಯಿರಿ ಎಂದಲ್ಲವೇ? ಯಾರು ಏನು ಮಾಡಿದರೂ "ಆದೇಶದಂತೆ" ಎಂದೇ ಬರೆಯುವುದು ನಮ್ಮಲ್ಲಿ ವಾಡಿಕೆ. ಹಾಗೆ ಬರೆದು ಬರೆದು ನನ್ನ ನೆನಪನ್ನೂ ನಾನೇ ತಿದ್ದಿಕೊಂಡಿದ್ದೆನೇ?

ಅಂದು ನನ್ನ ಕೈಕೆಳಗಿದ್ದ ಲೀಡಿಂಗ್ ಫೈರ್‌ಮನ್ ಸಿದ್ದಪ್ಪನವರು ನಿವೃತ್ತರಾಗಿ ವೈಯಾಲಿಕಾವಲ್‌ನಲ್ಲಿದ್ದರು. ಹೋಗಿ ಕೇಳಿದೆ.

"ಗಾಡಿ ಗೋದಾಮಿನ ಗಲ್ಲಿ ಒಳಗೆ ಬೇಡ ಅಂದಿದ್ದು ಯಾರು ಸಿದ್ದಪ್ಪನೋರೇ? ನಾನಾ, ನೀವಾ?"

"ರಿಪೋರ್ಟಲ್ಲಿ ಏನಿದೆ ಸಾರ್?"

"ನಾನು ಅಂತಿದೆ."

"ಮತ್ತೆ? ಬರ್ದೋರೂ ನೀವೇ, ಕೇಳೋರೂ ನೀವೇ. ಕಾಫಿ ಕುಡೀರಿ."

"ನಿಜ ಹೇಳ್ರೀ."

ಅವರು ಕಾಫಿ ಲೋಟವನ್ನು ನನ್ನತ್ತ ಸರಿಸಿದರು. "ಒಳಗ್ ತಗೊಳ್ಳಿ ಅಂದ್ರಿ. ಆ ಗಲ್ಲೀಲಿ ಗಾಡಿ ಸಿಕ್ಕಾಕೊಂಡಿದ್ರೆ ಕಥೆ ಮುಗೀತಿತ್ತು. ಪೈಪ್ ಎತ್ರೋ ಅಂತ ನಾನು ಕೂಗ್ದೆ. ನೀವು ನನ್ ಮುಖ ನೋಡಿದ್ರಿ, ಬಾಯ್ ಮುಚ್ಕೊಂಡ್ರಿ. ಅದಕ್ಕೇ ಗೋದಾಮಲ್ಲಿದ್ದ ಮೂರು ಜನ ಬದುಕಿದ್ರು. ಬೇರೆ ಸಾಹೇಬ್ರಾಗಿದ್ರೆ ಅಲ್ಲೇ ಜಗಳಕ್ಕೆ ನಿಲ್ತಿದ್ರು."

ಬಾಯಿ ಮುಚ್ಚಿಕೊಂಡದ್ದು ನಾಯಕತ್ವವೋ, ಅಂಜಿಕೆಯೋ? ಪಠ್ಯಪುಸ್ತಕಗಳಲ್ಲಿ ಅದಕ್ಕೊಂದು ಅಧ್ಯಾಯವಿರಲಿಲ್ಲ. ನಿಜ ಬರೆದರೆ ನಾಯಕನೇ ಇಲ್ಲದ ಪ್ರಬಂಧವಾಗಿ ಪದವಿ ಕೈತಪ್ಪಬಹುದು. ವರದಿಯಂತೆ ಬರೆದರೆ ಸಿದ್ದಪ್ಪನವರನ್ನು ಎರಡನೆಯ ಬಾರಿ ಅಳಿಸಿದಂತೆ. ಮೂರು ವಾರ ಒಂದು ವಾಕ್ಯವೂ ಮುಂದೆ ಸಾಗಲಿಲ್ಲ. ಕೊನೆಗೆ ನಡೆದದ್ದನ್ನು ನಡೆದಂತೆಯೇ ಬರೆದೆ.

ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು ಕನ್ನಡಕ ತೆಗೆದು ಕೇಳಿದರು: "ಹಾಗಾದ್ರೆ ಅವತ್ತು ಲೀಡರ್ ಯಾರ್ರೀ?"

"ಗೊತ್ತಿಲ್ಲ ಸಾರ್. ನನ್ನ ರಿಪೋರ್ಟ್ ಸುಳ್ಳು ಅನ್ನೋದು ಮಾತ್ರ ಗೊತ್ತು."

ಅವರು ಬಹಳ ಹೊತ್ತು ಏನನ್ನೋ ಬರೆದುಕೊಂಡರು. ತೇರ್ಗಡೆಯಾದೆ, ಏಕೆಂದು ಅವರು ಹೇಳಲಿಲ್ಲ, ಕೇಳುವ ಧೈರ್ಯ ನನಗಾಗಲಿಲ್ಲ. ಮರುದಿನ ಠಾಣೆಗೆ ಹೋಗಿ ಆ ಹಳೆಯ ಕಡತಕ್ಕೆ ತಿದ್ದುಪಡಿ ಟಿಪ್ಪಣಿಯೊಂದನ್ನು ಲಗತ್ತಿಸಿ, ನಿರ್ಧಾರ ಸಿದ್ದಪ್ಪನವರದೆಂದು ಬರೆದು, ಕೆಳಗೆ ಸಹಿ ಹಾಕಿ ದಿನಾಂಕ ನಮೂದಿಸಿದೆ: ೨೦೨೪ರ ಆಗಸ್ಟ್ ೧೪, ಬುಧವಾರ.