ಆದಮ್ಮ ಹಂಚಿದ ಗುಳಿಗೆ

ಗುರುಗುಂಟಾದ ಆದಮ್ಮನ ಬಾಯಿಗೆ ಹೆದರದವರು ನಮ್ಮ ಓಣಿಯಲ್ಲಿ ಯಾರೂ ಇರಲಿಲ್ಲ. ಪಕ್ಕದ ಮನೆಯವನಾದ ನಾನಂತೂ ಎಲ್ಲರಿಗಿಂತ ಹೆಚ್ಚು ಹೆದರುತ್ತಿದ್ದೆ. ಗಂಡ ಸತ್ತ ಮೇಲೆ ಅವಳು ಹೆಂಗಸರ ಗುಂಪು ಕಟ್ಟಿಕೊಂಡು ಕಾಲುವೆ ಸೀಮೆಗೆ ಭತ್ತದ ನಾಟಿಗೆ ಹೋಗತೊಡಗಿದಳು. ಕಾಲುವೆಗೆ ನೀರು ಬಿಟ್ಟರೆಂಬ ಸುದ್ದಿ ಬಂದರೆ ಸಾಕು, ಬುತ್ತಿ, ಕೌದಿಗಳ ಗಂಟು ಹೊತ್ತು ಲಿಂಗಸುಗೂರು, ಮಸ್ಕಿ ದಾಟಿ ಸಿಂಧನೂರಿಗೆ ಹೋಗುವ ಬಸ್ಸಿನಲ್ಲಿ ಅವಳದೇ ಗದ್ದಲ. ಕಂಡಕ್ಟರ್ ಕೂಡ ಎದುರಾಡುತ್ತಿರಲಿಲ್ಲ. ಅವಳ ತಂಗಿ ಸೂಗಮ್ಮನನ್ನು ಅದೇ ಸಿಂಧನೂರು ತಾಲ್ಲೂಕಿನ ಗೊರೇಬಾಳಕ್ಕೆ ಕೊಟ್ಟಿದ್ದರು. ಅವಳೂ ಅಲ್ಲಿ ಅಕ್ಕನ ಗುಂಪಿಗೆ ಸೇರುತ್ತಿದ್ದಳು.

ಆ ಗುಂಪಿಗೆ ಒಂದು ಕಟ್ಟಳೆ ಇತ್ತು. ಗದ್ದೆಯನ್ನು ಗುತ್ತಿಗೆ ಹಿಡಿದು ನಾಟಿ ಮಾಡಿ, ಬಂದ ಕೂಲಿಯನ್ನು ಸಮಪಾಲು ಮಾಡಬೇಕು. ಒಬ್ಬಳು ಜ್ವರದಿಂದ ಬದುವಿನ ಮೇಲೆ ಮಲಗಿದರೂ, ಬಾಣಂತಿಯಾಗಿ ಗುಡಿಸಲಲ್ಲಿ ಉಳಿದರೂ, ಅವಳ ಸಾಲನ್ನು ಉಳಿದವರು ನೆಟ್ಟು ಅವಳ ಪಾಲನ್ನು ಅವಳ ಕೈಗಿಡಬೇಕು. ಯಾರಾದರೂ ಗೊಣಗಿದರೆ ಆದಮ್ಮ, "ನಾಳಿಗಿ ನೀ ಬಿದ್ದಾಗ ಗೊತ್ತಾಕ್ಕೈತಿ, ಸುಮ್ನಿರಬೇ" ಎಂದು ಬಾಯಿ ಮುಚ್ಚಿಸುತ್ತಿದ್ದಳು. ಸರ್ಕಾರ ಮಾಡಬೇಕಾದ ಕೆಲಸವನ್ನು ಮೊಣಕಾಲುದ್ದ ಕೆಸರಿನಲ್ಲಿ ನಿಂತ ಹೆಂಗಸರು ಮಾಡುತ್ತಿದ್ದರು.

1991ರ ನಾಟಿಯ ಹೊತ್ತಿಗೆ ಸೂಗಮ್ಮನಿಗೆ ಕೆಮ್ಮು ಹತ್ತಿತು. ಅವಳ ಜೊತೆಗೆ ಗುರುಗುಂಟಾದ ಗದ್ದೆಮ್ಮ ಮತ್ತು ಸುಭಾನಬಿಗೂ. ಸಂಜೆಯಾದರೆ ಮೂವರಿಗೂ ಜ್ವರ, ತಿಂದ ಅನ್ನ ಮೈಗೆ ಹತ್ತುತ್ತಿರಲಿಲ್ಲ. ಸೂಗಮ್ಮ ಏಳಲಾರದೆ ಮಲಗಿದಾಗ ಉಳಿದಿಬ್ಬರೇ ಕೆಮ್ಮುತ್ತ ಅವಳ ಸಾಲು ನೆಟ್ಟರು. ಕೊನೆಗೆ ಆದಮ್ಮ ಮೂವರನ್ನೂ ಸರ್ಕಾರಿ ದವಾಖಾನೆಗೆ ಕರೆದೊಯ್ದಳು. ಯಾವ ಊರಿನ ದವಾಖಾನೆ ಎಂದು ಬರೆಯುವುದಿಲ್ಲ. ಆಗ ಎಲ್ಲ ಕಡೆಯೂ ಅದೇ ಹಾಡಾಗಿತ್ತು. ಕಫ ಪರೀಕ್ಷೆ ಮಾಡಿ ಮೂವರಿಗೂ ಟಿ.ಬಿ. ಎಂದರು. ಗುಳಿಗೆ ಪುಕ್ಕಟೆ, ಆದರೆ ಸೂಗಮ್ಮನಿಗೆ ಮಾತ್ರ.

"ನೀವಿಬ್ಬರು ಲಿಂಗಸುಗೂರು ತಾಲ್ಲೂಕಿನವರು. ನಿಮ್ಮ ಗುಳಿಗಿ ನಿಮ್ಮ ಕಡೀಗೇ ಬರ್ತಾವ, ಅಲ್ಲೇ ತಗೋರಿ" ಎಂದ ಗುಳಿಗೆ ಕೊಡುವವನು.

"ರೋಗ ಇಲ್ಲೇ ಬಂದೈತಲ್ರೀ ಸಾಹೇಬ್ರ" ಎಂದಳು ಆದಮ್ಮ.

"ನಾ ಏನ್ ಮಾಡ್ಲಬೇ? ನಮಗ ಬಂದದ್ದ ಇಷ್ಟು."

ಗದ್ದೆಮ್ಮ, ಸುಭಾನಬಿ ಕೂಲಿ ಬಿಟ್ಟು, ಬಸ್ಸಿನ ಖರ್ಚು ಹಾಕಿಕೊಂಡು ತಮ್ಮ ಕಡೆಯ ದವಾಖಾನೆಗೂ ಹೋಗಿಬಂದರು. ಅಲ್ಲಿ ಗುಳಿಗೆ ಮುಗಿದಿತ್ತು. ಮುಂದಿನ ವಾರ ಬರಲು ಹೇಳಿದರು. ಮುಂದಿನ ವಾರ ಹೋದಾಗಲೂ ಅದನ್ನೇ ಹೇಳಿದರು.

ಆಗ ಆದಮ್ಮ ತನಗೆ ಗೊತ್ತಿದ್ದ ಒಂದೇ ನ್ಯಾಯ ಮಾಡಿದಳು. ಸೂಗಮ್ಮನ ಗುಳಿಗೆಗಳನ್ನೆಲ್ಲ ಮೊರಕ್ಕೆ ಸುರಿದು ಮೂರು ಪಾಲು ಮಾಡಿದಳು.

"ಯಕ್ಕಾ, ಅಷ್ಟೂ ನನಗ ನುಂಗಂತ ಹೇಳ್ಯಾರ" ಎಂದಳು ಸೂಗಮ್ಮ ಮೆಲ್ಲಗೆ.

"ನೀ ಮಲಗಿದಾಗ ನಿನ್ನ ಸಾಲು ಹಚ್ಚಿದವರು ಯಾರು? ಇವರ ಹೌದಿಲ್ಲೋ? ಈಗ ಇವರು ಕೆಮ್ಮಿ ಸಾಯ್ಲಿ, ನೀ ಒಬ್ಬಾಕೀನ ನುಂಗ್ತೀಯೇನು?"

ಸೂಗಮ್ಮ ತನ್ನ ಪಾಲನ್ನು ಎತ್ತಿಕೊಂಡಳು. ಆ ಗುಳಿಗೆ ನುಂಗಿದರೆ ಉಚ್ಚೆ ಕೆಂಪಗೆ ಬರುತ್ತದೆ. ಮೂವರದೂ ಕೆಂಪಗಾಯಿತೆಂದು ಕೇಳಿ, ಔಷಧ ಎಲ್ಲರ ಮೈಗೂ ಸೇರಿತು ಎಂದು ಆದಮ್ಮ ಹಿಗ್ಗಿದಳು. ತಿಂಗಳು ತಿಂಗಳು ಹಂಚಿದಳು. ಜ್ವರ ಇಳಿಯಿತು, ಮೂವರೂ ಬೇಸಿಗೆ ಬೆಳೆಯ ನಾಟಿಗೆ ಎದ್ದು ಬಂದರು. ಈಗಿನವರು ಇದನ್ನು ಓದಿ ಹಣೆ ಚಚ್ಚಿಕೊಳ್ಳಬಹುದು. ಚಚ್ಚಿಕೊಳ್ಳಲಿ. ಮೂವರಿಗೆ ರೋಗವೆಂದು ತಾವೇ ಹೇಳಿ ಒಬ್ಬಳಿಗೆ ಗುಳಿಗೆ ಕೊಟ್ಟು ಕಳಿಸಿದವರ ಮೇಲಿರುವ ಸಿಟ್ಟು ನನಗೆ ಆದಮ್ಮನ ಮೇಲಿಲ್ಲ.

ಮರುವರ್ಷ ಸುಭಾನಬಿ ರಕ್ತ ಕಾರಿಕೊಂಡು ಸತ್ತಳು. ಅವಳನ್ನು ಮಣ್ಣು ಮಾಡಿ ಬರುವಷ್ಟರಲ್ಲಿ ಸೂಗಮ್ಮ, ಗದ್ದೆಮ್ಮ ಇಬ್ಬರಿಗೂ ಕೆಮ್ಮು ತಿರುಗಿಕೊಂಡಿತ್ತು. ಆದಮ್ಮ ಮತ್ತೆ ಅದೇ ದವಾಖಾನೆಗೆ ಹೋದಳು. ಡಾಕ್ಟರ್ ಕೇಳಿದ್ದಕ್ಕೆಲ್ಲ ಒಂದನ್ನೂ ಮುಚ್ಚಿಡದೆ ಹೇಳಿದಳು. ಅವರು ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು.

"ಅರ್ಧಮರ್ಧ ನುಂಗಿದ್ರ ರೋಗ ಸಾಯೋದಿಲ್ಲಮ್ಮ, ಗಟ್ಟಿ ಆಗ್ತದ. ಇನ್ನ ಈ ಗುಳಿಗಿ ಇವರಿಬ್ಬರಿಗೂ ಕೆಲಸ ಮಾಡೋದಿಲ್ಲ."

"ಹಂಗಾರ ಆ ಮೂರು ಮಂದ್ಯಾಗ ಯಾರಿಗೆ ಕೊಡಬಾರದಿತ್ರೀ? ನೀವ ಹೇಳ್ರಿ" ಎಂದಳು ಆದಮ್ಮ.

ಡಾಕ್ಟರ್ ಪೆನ್ನು ಎತ್ತಿಕೊಂಡು ಚೀಟಿ ಬರೆಯತೊಡಗಿದರು. ಬೇರೆ ಔಷಧವಿದೆ, ಅದು ಸರ್ಕಾರದಿಂದ ಬರುವುದಿಲ್ಲ, ರಾಯಚೂರಿನಲ್ಲಿ ದುಡ್ಡು ಕೊಟ್ಟು ತರಬೇಕು ಎಂದರು. ವರ್ಷದ ಮೇಲೂ ನಡೆಯಬೇಕು, ಒಂದು ದಿನವೂ ತಪ್ಪಬಾರದು, ಒಂದು ಗುಳಿಗೆಯೂ ಇನ್ನೊಬ್ಬರ ಬಾಯಿಗೆ ಹೋಗಬಾರದು. ಸೂಜಿ ಮಾತ್ರ ಸೂಗಮ್ಮನಿಗೆ ಇಲ್ಲೇ ಹಾಕಿಸಿಕೊಡುತ್ತೇನೆ ಎಂದರು.

ಆದಮ್ಮ ಕಾಲಕಡಗ ಮಾರಿದಳು. ಗುಂಪಿನ ಹೆಂಗಸರು ಗೊರೇಬಾಳದ ಸೂಗಮ್ಮನ ಮನೆಯಲ್ಲಿ ಸೇರಿ, ನಾಟಿಯ ಪಾಲನ್ನೆಲ್ಲ ತಂದು ಅವಳ ಮುಂದಿಟ್ಟರು. ಎಲ್ಲ ಕೂಡಿಸಿದರೂ ಒಬ್ಬಳ ಔಷಧಕ್ಕೆ ಮಾತ್ರ ಸಾಲುತ್ತಿತ್ತು. ಯಾರಿಗೆ ಎಂದು ಬಾಯಿಬಿಟ್ಟು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಗದ್ದೆಮ್ಮನೂ ಅಲ್ಲೇ ಗೋಡೆಗೆ ಒರಗಿ ಕೂತಿದ್ದಳು.

"ಸೂಗಮ್ಮಗ" ಎಂದಳು ಆದಮ್ಮ. "ಸೂಜಿ ಅಕೀಗಷ್ಟ ಹಾಕ್ತಾರ. ದವಾಖಾನ್ಯಾಗ ಅಕೀ ಹೆಸರೈತಿ."

ಹೇಳಿದ್ದು ನಿಜವೇ. ಆದರೆ ಸೂಗಮ್ಮ ತಂಗಿಯಾಗಿರದಿದ್ದರೆ ಆ ಮಾತು ಅಷ್ಟು ಬೇಗ ಬಾಯಿಗೆ ಬರುತ್ತಿತ್ತೇ ಎಂಬುದು ಅಲ್ಲಿದ್ದ ಎಲ್ಲರ ಮನಸ್ಸಿನಲ್ಲೂ ಇತ್ತು, ಆದಮ್ಮನ ಮನಸ್ಸಿನಲ್ಲೂ. ಗದ್ದೆಮ್ಮ ತನ್ನ ಗಂಟು ಎತ್ತಿಕೊಂಡಳು.

"ಆತು ಬಿಡಕ್ಕ. ಒಡಹುಟ್ಟಿದಾಕಿ. ನಾ ಆಗಿದ್ರೂ ಹಂಗ ಮಾಡ್ತಿದ್ದೆ" ಎಂದು ಬಸ್ಸಿಗೆ ಹೊರಟಳು.

ಚಳಿಗಾಲದಲ್ಲಿ ಗದ್ದೆಮ್ಮ ತೀರಿಕೊಂಡಳು. ಮಣ್ಣಿಗೆ ಹೋದ ಆದಮ್ಮನನ್ನು ಯಾರೂ ಒಂದು ಮಾತು ಅನ್ನಲಿಲ್ಲ. ಬೈದಿದ್ದರೆ ಅವಳೂ ಬೈದು ಹಗುರಾಗುತ್ತಿದ್ದಳೇನೋ. ಅತ್ತ ಗೊರೇಬಾಳದಲ್ಲಿ ಸೂಗಮ್ಮನ ಕೆಮ್ಮು ಇಳಿದಿತ್ತು, ಮೈ ತುಂಬಿಕೊಳ್ಳುತ್ತಿತ್ತು. ಆದಮ್ಮ ಪ್ರತಿ ತಿಂಗಳೂ ರಾಯಚೂರಿಗೆ ಹೋಗಿ ಔಷಧ ತಂದು, ಒಂದು ರಾತ್ರಿ ಮನೆಯಲ್ಲಿಟ್ಟುಕೊಂಡು, ಬೆಳಗಿನ ಬಸ್ಸಿಗೆ ಗೊರೇಬಾಳಕ್ಕೆ ಒಯ್ಯುತ್ತಿದ್ದಳು. ಗುಂಪು ಒಡೆದುಹೋಗಿತ್ತು. ಹೆಂಗಸರು ತಮ್ಮ ತಮ್ಮ ಪಾಡಿಗೆ ದಿನಗೂಲಿಗೆ ಹೋಗುತ್ತಿದ್ದರು.

ಅಂಥದೇ ಒಂದು ಬೆಳಿಗ್ಗೆ ಗದ್ದೆಮ್ಮನ ಗಂಡ ನರಸಣ್ಣ ಬಂದು ಆದಮ್ಮನ ಬಾಗಿಲಲ್ಲಿ ನಿಂತ. ನಾನು ನಮ್ಮ ಕಟ್ಟೆಯ ಮೇಲೆ ಕೂತಿದ್ದೆ. ಜಗಳಕ್ಕೆ ಬಂದಿದ್ದಾನೆ ಎಂದುಕೊಂಡೆ. ಅವನು ಹೆಗಲ ಮೇಲಿನ ಟವೆಲ್ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಆದಮ್ಮಕ್ಕ, ನನ್ನ ಮಗಳು ಕೆಮ್ಮಾಕತ್ತ್ಯಾಳ. ಸಂಜೀಕ ಜ್ವರಾನೂ ಬರಾಕತ್ತೈತಿ. ದವಾಖಾನ್ಯಾಗ ಮುಂದಿನ ವಾರ ಬಾ ಅಂದಾರ. ಸೂಗಮ್ಮನ ಗುಳಿಗ್ಯಾಗ ಒಂದೀಟು ಇದ್ರ ಕೊಡು. ಹಂಚಿಕೊಂಡು ನುಂಗ್ಲಿ."

ಗುಳಿಗೆಗಳು ಅವಳ ಸೀರೆಯ ಸೆರಗಿನ ಗಂಟಿನಲ್ಲೇ ಇದ್ದವು. ಆದಮ್ಮ ಆ ಗಂಟನ್ನು ಮುಷ್ಟಿಯಲ್ಲಿ ಬಿಗಿಹಿಡಿದು, ಅವನ ಮುಖ ನೋಡುತ್ತಲೇ, ಇಲ್ಲ ಎಂದಳು.