ಸಲೀಮನ ತೋಟಕ್ಕೆ ಹರಿದ ನೀರು

ತಮ್ಮ ತೋಟಕ್ಕೆ ಹರಿಯುತ್ತಿದ್ದ ಕಾಲುವೆ ನೀರನ್ನು ನನ್ನ ಹಳೆಯ ಮ್ಯಾನೇಜರ್ ಕಲ್ಲಿಟ್ಟು ತಡೆದು, ಪಕ್ಕದ ಸಲೀಮನ ತೋಟಕ್ಕೆ ತಿರುಗಿಸಿದರು. ವೇಲ್ಸಿನವರಾದ ಅವರು ನಿವೃತ್ತರಾದ ಮೇಲೆ ಒಮಾನಿನ ಈ ಬೆಟ್ಟದ ಹಳ್ಳಿಯಲ್ಲೇ ನೆಲೆಸಿದ್ದಾರೆ. ಇಲ್ಲಿ ಪ್ರತಿ ತೋಟಕ್ಕೂ ವಾರಕ್ಕೊಮ್ಮೆ ನೀರಿನ ಸರದಿ; ಸರದಿಯ ಹೊತ್ತು ಅಳೆಯಲು ನೆಟ್ಟ ಕಂಬದ ನೆರಳೇ ಗಡಿಯಾರ.

“ಸರ್, ಇದು ನಿಮ್ಮ ಸರದಿ ಅಲ್ವಾ? ನಿಂಬೆಗಿಡ ಒಣಗ್ತಾ ಉಂಟಲ್ಲ!” ಎಂದೆ.

“ಇನ್ನೊಂದು ವಾರ ತಡೀತವೆ. ಸಲೀಂ ತಾಯಿಯನ್ನು ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದ, ಅವನ ಸರದಿ ತಪ್ಪಿತು. ನಾನು ಇಲ್ಲಿಗೆ ಬಂದ ಹೊಸದರಲ್ಲಿ, ಕಂಬದ ನೆರಳು ನೋಡಿ ಹೊತ್ತು ತಿಳಿಯೋಕೆ ಬಾರದೆ ಅವನ ನೀರನ್ನೇ ಬಳಸಿಬಿಟ್ಟಿದ್ದೆ. ಜಗಳಕ್ಕೆ ಬರ್ತಾನೆ ಅಂದ್ಕೊಂಡೆ. ಖರ್ಜೂರ ತಂದುಕೊಟ್ಟು, ನೆರಳು ನೋಡೋದು ಕಲಿಸಿದ.”

ನಾನಿರುವ ಮತ್ರಾ ಪಟ್ಟಣಕ್ಕೆ ಮರಳಿದ ಸಂಜೆ, ಹನ್ನೊಂದು ವರ್ಷಗಳಲ್ಲಿ ಮೊದಲ ಸಲ ಎದುರು ಫ್ಲಾಟಿನ ಬೆಲ್ ಒತ್ತಿದೆ. ಅಲ್ಲಿರುವವರ ಹೆಸರೂ ನನಗೆ ಗೊತ್ತಿರಲಿಲ್ಲ.